ಪ್ರೇಮ ಕಾದಂಬರಿಗಳನ್ನು ಲೈಬ್ರರಿಯಿಂದ ತೆಗೆಯಬೇಕಾ? ಆ ಅಪ್ಪನಿಗೆ ಏನು ಹೇಳಲಿ?

ಅರಿವುಕೇಂದ್ರದ_ಅಕ್ಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಈಗ ಅದಕ್ಕೆ ಅರಿವು ಕೇಂದ್ರ ಅನ್ನುತ್ತಾರೆ. 2019ರಲ್ಲಿ ನಮ್ಮನ್ನು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿಸಿದರು. ಮರುವರ್ಷ 'ಓದುವ ಬೆಳಕು' ಶುರುವಾದಾಗ ಶಾಲೆ ಮಕ್ಕಳಿಗೆಲ್ಲ ಉಚಿತವಾಗಿ ಕಾರ್ಡ್ ಮಾಡಿಕೊಟ್ಟೆವು. ಆಗ ಚಿತ್ರದ ಪುಸ್ತಕ ಹಿಡಿದು ಕೂರುತ್ತಿದ್ದ ಹುಡುಗಿಯರು ಈಗ ಪಿಯುಸಿ ಓದುತ್ತಿದ್ದಾರೆ. ಬೆಳಿಗ್ಗೆ ಪೇಪರ್ ಓದಲು ಗಂಡಸರು ಬರುತ್ತಾರೆ. ಸಂಜೆ ಕಾಲೇಜು ಬಸ್ಸು ಬಂದ ಮೇಲೆ ಈ ಹುಡುಗಿಯರು ಬರುತ್ತಾರೆ. ಬ್ಯಾಗ್ ಕೂಡ ಇಳಿಸುವುದಿಲ್ಲ, ನೇರ ಆ ಮೂಲೆ ಬೀರುವಿನ ಹತ್ತಿರ ಹೋಗುತ್ತಾರೆ.

ಆ ಬೀರುವಿನಲ್ಲಿ ಇರುವುದು ಪ್ರೇಮ ಕಾದಂಬರಿಗಳು. ನಮ್ಮೂರಿನ ನಿವೃತ್ತ ಶಿಕ್ಷಕಿಯೊಬ್ಬರು ತೀರಿಕೊಂಡ ಮೇಲೆ ಅವರ ಮನೆಯವರು ಎಲ್ಲ ಪುಸ್ತಕ ನಮಗೆ ಕೊಟ್ಟರು. ಹೆಚ್ಚಿನವು ಎಪ್ಪತ್ತು, ಎಂಬತ್ತರ ದಶಕದವು. ವಾರಪತ್ರಿಕೆಯ ಧಾರಾವಾಹಿಗಳನ್ನು ಹಾಳೆ ಬಿಡಿಸಿ, ದಾರದಲ್ಲಿ ಹೊಲಿದು, ಹಳೇ ಕ್ಯಾಲೆಂಡರ್ ರಟ್ಟು ಅಂಟಿಸಿ ಮಾಡಿದ ಬೈಂಡುಗಳೂ ಇವೆ. ನಮ್ಮ ಕೇಂದ್ರದಲ್ಲಿ ಇಷ್ಟು ಕೈ ಬದಲಾಯಿಸುವ ಪುಸ್ತಕ ಬೇರೆ ಇಲ್ಲ.

ಮೊನ್ನೆ ಒಬ್ಬ ತಂದೆ ಬಂದರು. ಕೊಬ್ಬರಿ ವ್ಯಾಪಾರ ಇದೆ, ಮಗಳನ್ನು ಸೈನ್ಸ್ ಓದಿಸುತ್ತಿದ್ದಾರೆ. ಒಳ್ಳೆಯ ಮನುಷ್ಯ, ಊರಲ್ಲಿ ಯಾರೂ ಕೆಟ್ಟದಾಗಿ ಹೇಳುವುದಿಲ್ಲ. ಕವರ್‌ನಿಂದ ಕಾದಂಬರಿ ತೆಗೆದು, ಮಡಿಚಿಟ್ಟ ಪುಟ ಬಿಚ್ಚಿ ಮೇಜಿನ ಮೇಲಿಟ್ಟರು. ಮುತ್ತಿನ ಸನ್ನಿವೇಶ. "ಇದನ್ನೆಲ್ಲ ಓದಿ ನಾಳೆ ಯಾವನ ಜೊತೆಗೋ ಹೋದರೆ ನೀವು ಜವಾಬ್ದಾರಿ ತಗೋತೀರಾ ಮೇಡಂ? ಇದು ಸರ್ಕಾರಿ ಲೈಬ್ರರಿ ಅಲ್ವಾ? ಈ ಬೀರು ಪೂರ್ತಿ ಖಾಲಿ ಮಾಡಿ" ಅಂದರು. ಜೋರು ಮಾಡಲಿಲ್ಲ. ಕೈ ಮಾತ್ರ ನಡುಗುತ್ತಿತ್ತು. ಅವರ ತಮ್ಮನ ಮಗಳು ಎರಡು ವರ್ಷದ ಕೆಳಗೆ ಬೇರೆ ಜಾತಿಯ ಹುಡುಗನ ಜೊತೆ ಹೋದಳು. ಆ ಮನೆಯವರು ಇವತ್ತಿಗೂ ಮದುವೆ ಮುಂಜಿಗೆ ಬರುವುದಿಲ್ಲ. ಇದು ನನಗೆ ಗೊತ್ತು, ಹಾಗಾಗಿ ಅವರನ್ನು ಸುಮ್ನೆ ತಳ್ಳಿಹಾಕಲು ಮನಸ್ಸಾಗಲಿಲ್ಲ. ಓದಿ ಹೇಳುತ್ತೇನೆ, ಒಂದು ವಾರ ಕೊಡಿ ಅಂದೆ.

ಅವತ್ತು ರಾತ್ರಿಯೇ ಓದಿದೆ. ಅವರು ತೋರಿಸಿದ ಮುತ್ತು ಐದು ಸಾಲಿನದು. ಅದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ಇಬ್ಬರಿಗೂ ಇಷ್ಟ, ಇಬ್ಬರೂ ಕಾಲೇಜು ಮುಗಿಸಿದವರು. ಆದರೆ ಮುಂದಕ್ಕೆ ಓದುತ್ತಾ ಹೊಟ್ಟೆ ತೊಳಸಿತು. ಅದೇ ನಾಯಕನಿಗೆ ಅವಳ ಮೇಲೆ ಸಂಶಯ ಬರುತ್ತದೆ. ದೇವಸ್ಥಾನದಲ್ಲಿ ಅವಳು ಬೇಡ ಬೇಡ ಅನ್ನುತ್ತಿದ್ದರೂ ಕೈ ಹಿಡಿದು ಎಳೆದು ತಾಳಿ ಕಟ್ಟುತ್ತಾನೆ. ಮನೆಗೆ ಕರೆತಂದು ಕೋಣೆಗೆ ಬೀಗ ಹಾಕುತ್ತಾನೆ. ಕೆನ್ನೆಗೆ ಹೊಡೆಯುತ್ತಾನೆ. ಅವಳು ಅವನಿಗೆ ಜ್ವರ ಬಂದಾಗ ತಣ್ಣೀರು ಪಟ್ಟಿ ಹಾಕಿ, ಅವನ ಸಿಟ್ಟಿನ ಹಿಂದೆ ಎಷ್ಟು ಪ್ರೀತಿ ಇತ್ತು ಅಂತ ಅಳುತ್ತಾಳೆ. ಅಲ್ಲಿಗೆ ಕಥೆ ಸುಖಾಂತ.

ಆ ತಂದೆ ಮಡಿಚಿದ್ದು ಮುತ್ತಿನ ಪುಟವನ್ನು. ಹೊಡೆತದ ಪುಟವನ್ನಲ್ಲ.

ಇನ್ನೊಂದು ವಿಷಯ ಹೇಳಬೇಕು. ಆ ಬೀಗ ಹಾಕುವ ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದಾರೆ: "ಇವಳು ಅಪ್ಪನ ಮನೆಗೆ ಯಾಕೆ ಹೋಗಲಿಲ್ಲ?" ಅದರ ಕೆಳಗೆ ನೀಲಿ ಪೆನ್ನಿನಲ್ಲಿ, ಬೇರೆ ಕೈಬರಹ: "ಸೇರಿಸಿಕೊಳ್ಳಲ್ಲ ಅದಕ್ಕೆ." ಪೆನ್ಸಿಲಿನದು ಮಾಸಿದೆ, ಬಹಳ ಹಳೆಯದು. ನೀಲಿ ಅಕ್ಷರ ಇತ್ತೀಚಿನದು. ನಮ್ಮ ಹುಡುಗಿಯರಲ್ಲೇ ಯಾರೋ ಬರೆದಿರಬೇಕು.

ಅದನ್ನು ನೋಡಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ಈಗ ನನ್ನ ಪ್ರಶ್ನೆ. ನೀತಿಯ ದೃಷ್ಟಿಯಿಂದ ಈ ಪುಸ್ತಕಗಳಲ್ಲಿ ನಿಜವಾಗಿ ಆತಂಕ ಪಡಬೇಕಾದದ್ದು ಏನು? ಬೀರು ಖಾಲಿ ಮಾಡಬೇಕಾ? ವಯಸ್ಸಿನ ಮಿತಿ ಇಡಬೇಕಾ? ಆ ತಂದೆಗೆ ಏನು ಉತ್ತರ ಕೊಡಲಿ? ನಾನು ಈ ಕಾದಂಬರಿಗಳನ್ನು ಓದಿಯೇ ಓದಿನ ರುಚಿ ಕಂಡವಳು. ಅವುಗಳ ಮೇಲೆ ನನಗೆ ಪ್ರೀತಿ ಇದೆ. ಅದಕ್ಕೇ ಬೇರೆಯವರ ಮಾತು ಕೇಳಬೇಕು ಅನ್ನಿಸಿತು.

ದಾವಣಗೆರೆ_ಅಪ್ಪ

ಅಕ್ಕಾ, ಆ ತಂದೆಯ ಜಾಗದಲ್ಲಿ ನಾನಿದ್ದೇನೆ ಅಂತಲೇ ಇಟ್ಟುಕೊಳ್ಳಿ. ನನ್ನ ಮಗಳು ಒಂಬತ್ತನೇ ಕ್ಲಾಸ್. ಅವಳು ಪುಸ್ತಕ ಓದುವುದಿಲ್ಲ, ಫೋನಿನಲ್ಲಿ ಕಥೆಯ ಆ್ಯಪ್ ಓದುತ್ತಾಳೆ. ಒಂದು ದಿನ ಅವಳ ಫೋನ್ ಚಾರ್ಜಿಗೆ ಹಾಕುವಾಗ ನೋಡಿದೆ. ಕಥೆಯ ಹೆಸರಿನಲ್ಲೇ 'ರಾಕ್ಷಸ' ಅಂತ ಇತ್ತು, ಅವನೇ ಹೀರೋ. ಕೋಟ್ಯಧೀಶ, ಕಂಪನಿ ಮಾಲೀಕ, ಅಲ್ಲಿ ಕೆಲಸ ಮಾಡುವ ಹುಡುಗಿಯನ್ನು ಹೆದರಿಸಿ ಕಾಂಟ್ರ್ಯಾಕ್ಟ್ ಮದುವೆ ಆಗುತ್ತಾನೆ. ನೂರಾರು ಅಧ್ಯಾಯ. ಆಮೇಲೆ ಮಲಗುವ ಕೋಣೆಯ ವಿವರ. ನನ್ನ ಮಗಳಿಗೆ ಹದಿನಾಲ್ಕು.

ನಾನು ಹಳೇ ಕಾಲದವನಲ್ಲ. ನಮ್ಮದು ಪ್ರೀತಿಸಿ ಆದ ಮದುವೆ. ಆದರೂ ಹೇಳುತ್ತೇನೆ, ಹದಿನಾಲ್ಕರ ಓದೇ ಬೇರೆ, ಮೂವತ್ತರ ಓದೇ ಬೇರೆ. ಮೂವತ್ತರವಳಿಗೆ ಅದು ಕಥೆ. ಹದಿನಾಲ್ಕರವಳಿಗೆ ಗಂಡಸು ಹೀಗಿರುತ್ತಾನೆ ಅನ್ನುವ ಮೊದಲ ತಿಳಿವಳಿಕೆ ಅದೇ ಆಗಿಬಿಡಬಹುದು. ಸಿನಿಮಾಕ್ಕೆ ಈಗ ಯುಎ 7+, 13+, 16+ ಅಂತ ವಿಂಗಡಣೆ ಬಂದಿದೆ. ಪುಸ್ತಕಕ್ಕೆ ಏನೂ ಇಲ್ಲ. ಹೆತ್ತವರು ಕೇಳಿದರೆ ನಮ್ಮನ್ನು ನೀತಿ ಪೊಲೀಸರು ಅನ್ನುತ್ತಾರೆ. ಆ ಮಾತು ನೋಯಿಸುತ್ತದೆ.

ಬೀರು ಖಾಲಿ ಮಾಡಬೇಡಿ. ಆದರೆ ಯಾವ ಪುಸ್ತಕ ಯಾರ ಕೈಗೆ ಹೋಗುತ್ತಿದೆ ಅಂತ ನೋಡುವ ಒಬ್ಬ ದೊಡ್ಡವರು ಅಲ್ಲಿ ಇರಬೇಕು. ನಿಮ್ಮಲ್ಲಿ ನೀವಾದರೂ ಇದ್ದೀರಿ. ಫೋನಿನಲ್ಲಿ ಯಾರಿದ್ದಾರೆ?

ಮೈಸೂರಿನ_ಓದುಗಿ

ನಾನು ಬ್ಯಾಂಕಿನಿಂದ ನಿವೃತ್ತಳಾದವಳು. ಮದುವೆಗೆ ಮುಂಚೆ ನಮ್ಮ ಬೀದಿ ಕೊನೆಯ ಸರ್ಕ್ಯುಲೇಟಿಂಗ್ ಲೈಬ್ರರಿಯ ಕಾದಂಬರಿಗಳನ್ನು ಓದಿಯೇ ಬೆಳೆದೆ. ದಿನದ ಬಾಡಿಗೆ ಉಳಿಸಲು ನಾನು, ಅಮ್ಮ, ಅತ್ತಿಗೆ ಮೂವರೂ ಒಂದೇ ರಾತ್ರಿಯಲ್ಲಿ ಸರದಿ ಮೇಲೆ ಓದುತ್ತಿದ್ದೆವು. ಅಮ್ಮ ಒಲೆ ಮುಂದೆ ಹಾಲು ಕಾಯಿಸುತ್ತಾ ಓದುವರು. ಅಪ್ಪನ ಚಪ್ಪಲಿ ಸದ್ದು ಕೇಳಿದರೆ ಪುಸ್ತಕ ಮೊರದ ಕೆಳಗೆ.

ಮೊದಲು ಒಂದು ಮಾತು. ಕಾದಂಬರಿ ಹೆಣ್ಣುಮಕ್ಕಳನ್ನು ಕೆಡಿಸುತ್ತದೆ ಅನ್ನುವ ಭಯಕ್ಕೆ ಕನ್ನಡದಲ್ಲಿ ನೂರು ವರ್ಷಕ್ಕಿಂತ ಹೆಚ್ಚು ವಯಸ್ಸು. ನಮ್ಮ ಮೊದಲ ಸಾಮಾಜಿಕ ಕಾದಂಬರಿ ಅನ್ನುವ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಎಳೆಯ ವಿಧವೆ ಮನೆ ಬಿಟ್ಟು, ಓದಿ, ಮತ್ತೆ ಮದುವೆ ಆಗುವ ಕಥೆ. ಆ ಕಾಲದ ಮನೆಗಳಲ್ಲಿ ಅಂಥ ಪುಸ್ತಕ ಹುಡುಗಿಯ ಕೈಗೆ ಸಿಕ್ಕರೆ ಏನಾಗುತ್ತಿತ್ತು ಅಂತ ಯೋಚಿಸಿ. ಅಂದಿನ ನೀತಿಗೆ ಅದು ಕೆಟ್ಟದ್ದು. ಇವತ್ತು ನಮಗೆ ಆ ಹುಡುಗಿಯೇ ಸರಿ ಅನ್ನಿಸುತ್ತಾಳೆ. ಹಾಗಾಗಿ ಊರಿನವರಿಗೆ ಸಿಟ್ಟು ಬಂತು ಅನ್ನುವುದರಿಂದಲೇ ಪುಸ್ತಕದ ನೀತಿ ಅಳೆಯಲು ಆಗುವುದಿಲ್ಲ.

ಆದರೆ ಈ ಕಾದಂಬರಿಗಳಲ್ಲಿ ಏನೂ ದೋಷವಿಲ್ಲ ಅಂತಲೂ ನಾನು ಹೇಳಲಾರೆ. ನನ್ನ ಅತ್ತಿಗೆಯ ವಿಷಯ ಹೇಳುತ್ತೇನೆ. ಅವಳು ನನ್ನ ದೊಡ್ಡಮ್ಮನ ಸೊಸೆ. ಗಂಡ ಕುಡಿದು ಬಂದು ಹೊಡೆಯುತ್ತಿದ್ದ. ಬೆಳಿಗ್ಗೆ ಕೆನ್ನೆ ಊದಿಕೊಂಡಿದ್ದರೂ ಬಾವಿಕಟ್ಟೆಯಲ್ಲಿ ನಗುತ್ತಾ ಪಾತ್ರೆ ತೊಳೆಯುವಳು. "ಸರಿ ಹೋಗ್ತಾರೆ ಕಣೇ, ಒಳಗಡೆ ತುಂಬಾ ಪ್ರೀತಿ ಇದೆ" ಅನ್ನುವಳು. ನಾವು ಸರದಿ ಮೇಲೆ ಓದಿದ ಎಷ್ಟೋ ಕಾದಂಬರಿಗಳ ಕೊನೇ ಅಧ್ಯಾಯ ಹಾಗೇ ಇತ್ತು. ಗಂಡ ಸಂಶಯ ಪಡುತ್ತಾನೆ, ಬೇರೆಯವಳ ಹಿಂದೆ ಹೋಗುತ್ತಾನೆ, ಇವಳು ಒಂದು ಮಾತೂ ಆಡದೆ ಅವನ ತಾಯಿಯ ಸೇವೆ ಮಾಡುತ್ತಾಳೆ, ಕೊನೆಗೆ ಅವನು ಬಂದು ಕಣ್ಣೀರಿಡುತ್ತಾನೆ. ಅವಳಿಗೆ ಅದೇ ಬಹುಮಾನ. ನನ್ನ ಅತ್ತಿಗೆಯ ಗಂಡ ಬಂದು ಕಣ್ಣೀರಿಡಲಿಲ್ಲ. ಅವಳು ನಲವತ್ತೈದಕ್ಕೇ ಹೋದಳು.

ಕಾದಂಬರಿ ಅವಳನ್ನು ಕೊಂದಿತು ಅಂತ ನಾನು ಹೇಳುತ್ತಿಲ್ಲ. ತವರಿನವರು, ನಾವು, ಬೀದಿಯವರು ಎಲ್ಲ ಅದನ್ನೇ ಹೇಳುತ್ತಿದ್ದೆವು. ಕಾದಂಬರಿಯೂ ನಮ್ಮ ದನಿಗೆ ದನಿ ಸೇರಿಸಿತು. ಆ ಕಾಲದಲ್ಲಿ ಅಂಥ ಪುಸ್ತಕವನ್ನು ಯಾವ ಅಪ್ಪನೂ ಮಗಳ ಕೈಯಿಂದ ಕಿತ್ತುಕೊಂಡಿದ್ದನ್ನು ನಾನು ನೋಡಲಿಲ್ಲ. ಸಹಿಸಿಕೊಳ್ಳುವುದನ್ನು ಕಲಿಸುವ ಪುಸ್ತಕ ಒಳ್ಳೆಯ ಪುಸ್ತಕ, ಬಯಸುವುದನ್ನು ಕಲಿಸುವ ಪುಸ್ತಕ ಕೆಟ್ಟ ಪುಸ್ತಕ. ನನ್ನ ಸಿಟ್ಟು ಇರುವುದು ಇಲ್ಲಿ.

ಹಾಗಂತ ಎಲ್ಲ ಲೇಖಕಿಯರನ್ನೂ ಒಂದೇ ಗಂಟು ಕಟ್ಟಬೇಡಿ. ನಮ್ಮ ಮೈಸೂರಿನ ತ್ರಿವೇಣಿಯವರನ್ನೇ ನೋಡಿ. 1963ರಲ್ಲಿ, 35 ತುಂಬುವ ಮೊದಲೇ ತೀರಿಕೊಂಡರು. ಅವರ 'ಬೆಳ್ಳಿ ಮೋಡ' 1967ರಲ್ಲಿ ಪುಟ್ಟಣ್ಣ ಕಣಗಾಲರ ಸಿನಿಮಾ ಆಯಿತು. ಇಂದಿರಾಗೆ ತಮ್ಮ ಹುಟ್ಟುತ್ತಾನೆ, ಆಸ್ತಿ ಅವಳಿಗಿಲ್ಲ ಅಂತ ಗೊತ್ತಾದ ಕೂಡಲೇ ಮದುವೆ ಆಗಬೇಕಿದ್ದ ಮೋಹನ ಹಿಂದೆ ಸರಿಯುತ್ತಾನೆ. ಆಮೇಲೆ ಅವನು ಪೆಟ್ಟು ಬಿದ್ದು ಮಲಗಿದಾಗ ಇವಳೇ ಆರೈಕೆ ಮಾಡುತ್ತಾಳೆ. ಅವನು ಮನಸ್ಸು ಬದಲಿಸಿ ಮದುವೆ ಆಗೋಣ ಅನ್ನುತ್ತಾನೆ. ಇವಳು ಒಪ್ಪುವುದಿಲ್ಲ. ಆರೈಕೆ ಮಾಡಿದ್ದು ಮನುಷ್ಯತ್ವ, ಅದಕ್ಕೂ ಮದುವೆಗೂ ಸಂಬಂಧ ಇಲ್ಲ. ನನ್ನ ಹದಿನೇಳನೇ ವಯಸ್ಸಿನಲ್ಲಿ ಅದನ್ನು ಓದಿದಾಗ ಮೈ ಜುಮ್ಮೆಂದಿತ್ತು. ಹೆಣ್ಣು 'ಇಲ್ಲ' ಅಂದರೂ ಕಥೆ ಮುಗಿಯಬಹುದು ಅಂತ ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಅದೂ ನಿಮ್ಮ ಅದೇ ಬೀರುವಿನ ಪುಸ್ತಕ ತಾಯೀ. ಬೀರು ಖಾಲಿ ಮಾಡಿದರೆ ಇಂದಿರಾ ಕೂಡ ಹೊರಗೆ ಹೋಗುತ್ತಾಳೆ.

ಶಿವಮೊಗ್ಗ_ವಕೀಲೆ

ಬಲವಂತದ ತಾಳಿಯ ಬಗ್ಗೆ ಮಾತ್ರ ಬರೆಯುತ್ತೇನೆ, ಯಾಕೆಂದರೆ ಇದನ್ನು ಕಥೆ ಅಂದುಕೊಂಡೇ ನನ್ನ ಆಫೀಸಿಗೆ ಬರುವ ಹುಡುಗಿಯರಿದ್ದಾರೆ. "ತಾಳಿ ಕಟ್ಟಿಬಿಟ್ಟ ಮೇಡಂ, ಇನ್ನೇನು ಮಾಡೋದು" ಅನ್ನುತ್ತಾರೆ. ಅವರ ಅಮ್ಮಂದಿರೂ ಹಾಗೇ ಅನ್ನುತ್ತಾರೆ.

ಮಾಡುವುದು ಬೇಕಾದಷ್ಟಿದೆ. ಮದುವೆಗೆ ಒತ್ತಾಯಿಸಲು ಹೆಣ್ಣನ್ನು ಅಪಹರಿಸುವುದು ಭಾರತೀಯ ನ್ಯಾಯ ಸಂಹಿತೆಯ 87ನೇ ಸೆಕ್ಷನ್ ಪ್ರಕಾರ ಅಪರಾಧ, 10 ವರ್ಷದವರೆಗೆ ಜೈಲು. ಒತ್ತಾಯದಿಂದ ಒಪ್ಪಿಗೆ ಪಡೆದ ಮದುವೆಯನ್ನು ಹಿಂದೂ ವಿವಾಹ ಕಾಯ್ದೆಯ 12ನೇ ಸೆಕ್ಷನ್‌ನಡಿ ರದ್ದು ಮಾಡಿಸಬಹುದು. ಒತ್ತಾಯ ನಿಂತ ಮೇಲೆ ಒಂದು ವರ್ಷದ ಒಳಗೆ ಅರ್ಜಿ ಹಾಕಬೇಕು, ಮತ್ತು ಆಮೇಲೆ ಅವಳು ಇಷ್ಟಪಟ್ಟು ಅವನ ಜೊತೆ ಇದ್ದಿರಬಾರದು. ನೋಡಿ, ಕಾದಂಬರಿಯ ನಾಯಕಿ ಮೂರು ಅಧ್ಯಾಯ ಕಾದು ಮನಸ್ಸು ಕರಗಿಸಿಕೊಳ್ಳುತ್ತಾಳಲ್ಲ, ನಿಜವಾದ ಹುಡುಗಿ ಹಾಗೆ ಕಾದರೆ ಅವಳ ಕೇಸೇ ಸಡಿಲ ಆಗುತ್ತದೆ. ಹುಡುಗಿಗೆ 18 ಆಗದಿದ್ದರೆ ಕರ್ನಾಟಕದಲ್ಲಿ ಆ ಮದುವೆ ಮೊದಲಿನಿಂದಲೇ ಅಸಿಂಧು. ನಮ್ಮ ರಾಜ್ಯದ ತಿದ್ದುಪಡಿ ಅದನ್ನು ಸ್ಪಷ್ಟವಾಗಿ ಹೇಳಿದೆ.

ಕಾನೂನು ಎಲ್ಲದಕ್ಕೂ ಹೆಣ್ಣಿನ ಪರ ಇದೆ ಅಂತಲೂ ಹೇಳಲಾರೆ. ಹೆಂಡತಿಗೆ 18 ತುಂಬಿದ್ದರೆ ಗಂಡನ ಬಲಾತ್ಕಾರವನ್ನು ಇವತ್ತಿಗೂ ಸಂಹಿತೆ ಅತ್ಯಾಚಾರ ಅನ್ನುವುದಿಲ್ಲ. 2022ರ ಮಾರ್ಚ್‌ನಲ್ಲಿ ನಮ್ಮ ಹೈಕೋರ್ಟ್ ಒಬ್ಬ ಗಂಡನ ಮೇಲಿನ ಅತ್ಯಾಚಾರದ ಆರೋಪ ರದ್ದು ಮಾಡಲು ಒಪ್ಪಲಿಲ್ಲ. ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ ಮದುವೆಯಾದ ಹೆಂಗಸರಲ್ಲಿ ಸುಮಾರು 44% ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದಿದ್ದಾರೆ. ಇಂಥ ರಾಜ್ಯದಲ್ಲಿ ಹೊಡೆತವನ್ನು ಪ್ರೀತಿ ಅಂತ ಬರೆದರೆ ಅದು ಬರೀ ಕಲ್ಪನೆಯಾಗಿ ಉಳಿಯುವುದಿಲ್ಲ.

ಆ ಪುಸ್ತಕದ ಹಿಂದೆ ಒಂದು ಚೀಟಿ ಅಂಟಿಸಿ: ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098.

ಸಂಶೋಧನಾ_ವಿದ್ಯಾರ್ಥಿ

ಚಿಕ್ಕದಾಗಿ ಒಂದು ವಿಷಯ. 1984ರಲ್ಲಿ ಜಾನಿಸ್ ರಾಡ್ವೇ ಎಂಬ ಅಮೆರಿಕದ ವಿದ್ವಾಂಸೆ, ಅಲ್ಲಿನ ಒಂದು ಸಣ್ಣ ಊರಿನ ಪ್ರೇಮ ಕಾದಂಬರಿ ಓದುಗಿಯರ ಜೊತೆ ಕೂತು ಮಾತಾಡಿ ಪುಸ್ತಕ ಬರೆದರು. ಆ ಗೃಹಿಣಿಯರಿಗೆ ಓದುವ ಹೊತ್ತು ಅಂದರೆ ಗಂಡ, ಮಕ್ಕಳು ಯಾರೂ ತಮ್ಮನ್ನು ಕೇಳದ, ತಮ್ಮದೇ ಆದ ಹೊತ್ತು. ಮೊರದ ಕೆಳಗೆ ಪುಸ್ತಕ ಇಟ್ಟ ಆ ಅಮ್ಮನ ಹಾಗೇ. ಮತ್ತೆ ಅವರು ಕಣ್ಣು ಮುಚ್ಚಿ ಓದುತ್ತಿರಲಿಲ್ಲ. ಅತ್ಯಾಚಾರ, ಹಿಂಸೆ ಇರುವ ಕಾದಂಬರಿ ನಮಗೆ ಬೇಡ ಅಂತ ಖಡಾಖಂಡಿತ ಹೇಳಿದ್ದರು. ನಿಮ್ಮ ಪೆನ್ಸಿಲ್ ಓದುಗಿಯೂ ಅಂಥವಳೇ ಅಲ್ವಾ? ಪ್ರಶ್ನೆ ಕೇಳುತ್ತಾ ಓದಿದ್ದಾಳೆ. ದಯವಿಟ್ಟು ಆ ಬರಹ ಅಳಿಸಬೇಡಿ.

ಕಂತುಗಳ_ಕಥೆಗಾರ್ತಿ

ದಾವಣಗೆರೆಯ ಸರ್, ಫೋನಿನಲ್ಲಿ ಯಾರಿದ್ದಾರೆ ಅಂತ ಕೇಳಿದಿರಿ. ನಾನಿದ್ದೇನೆ. ಅಂಥದೇ ಒಂದು ಆ್ಯಪ್‌ನಲ್ಲಿ ಪ್ರೇಮಕಥೆ ಬರೆಯುತ್ತೇನೆ. ಮನೆ ಖರ್ಚಿಗೆ ಅದರಿಂದ ಒಂದಿಷ್ಟು ದುಡ್ಡು ಬರುತ್ತದೆ. ಒಳಗಿನ ವ್ಯವಸ್ಥೆ ಹೇಗಿದೆ ಅಂತ ಹೇಳುತ್ತೇನೆ, ನಿಮ್ಮ ಆತಂಕಕ್ಕೆ ಅದು ಉಪಯೋಗ ಆಗಬಹುದು.

ದಿನಕ್ಕೊಂದು ಅಧ್ಯಾಯ ಹಾಕಬೇಕು. ಹಾಕದಿದ್ದರೆ ಓದುಗರು ಹೋಗುತ್ತಾರೆ. ಪ್ರತಿ ಅಧ್ಯಾಯದ ಕೊನೆಯಲ್ಲಿ ಏನೋ ಆಗಬೇಕು, ಇಲ್ಲದಿದ್ದರೆ ಮುಂದಿನದು ಬಿಚ್ಚುವುದಿಲ್ಲ. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ ಮಾತಾಡಿಕೊಂಡು ಒಪ್ಪಿದರೆ ಹತ್ತನೇ ಅಧ್ಯಾಯಕ್ಕೆ ಕಥೆ ಮುಗಿಯಿತು. ಸಿಡುಕ, ಅಹಂಕಾರಿ, ಸಂಶಯದವನಾದರೆ ಇನ್ನೂರು ಅಧ್ಯಾಯ ಎಳೆಯಬಹುದು. ಕೆಟ್ಟ ನಾಯಕ ಇಷ್ಟು ಜಾಸ್ತಿ ಆಗಿರುವುದಕ್ಕೆ ಮುಖ್ಯ ಕಾರಣ ಇದು. ಲೇಖಕಿಯರೆಲ್ಲ ಹೊಡೆತವನ್ನು ಮೆಚ್ಚುತ್ತಾರೆ ಅಂತಲ್ಲ.

ನನ್ನ ಒಂದು ಕಥೆಯಲ್ಲಿ ನಾಯಕ ಕೈ ಎತ್ತುತ್ತಾನೆ. ಅವಳು ಅವತ್ತೇ ಬ್ಯಾಗ್ ತಗೊಂಡು ಬಸ್ ಸ್ಟ್ಯಾಂಡಿಗೆ ಹೋಗುತ್ತಾಳೆ. ಬೇಕಂತಲೇ ಹಾಗೆ ಬರೆದೆ. ಕಮೆಂಟಿನಲ್ಲಿ ಬೈಗುಳ ಬಂತು. "ಅವನದು ಪೊಸೆಸಿವ್ ಲವ್, ಅವಳಿಗೆ ಅರ್ಥ ಆಗಲಿಲ್ಲ" ಅಂತ ಬರೆದರು. ಓದುಗರು ಕಡಿಮೆಯಾದರು. ಆದರೆ ಒಬ್ಬರು ಖಾಸಗಿ ಮೆಸೇಜಿನಲ್ಲಿ ಕೇಳಿದರು, "ಬಸ್ ಸ್ಟ್ಯಾಂಡಿಂದ ಅವಳು ಎಲ್ಲಿಗೆ ಹೋದಳು? ದುಡ್ಡು ಎಷ್ಟಿತ್ತು ಅವಳ ಹತ್ರ?" ಅದು ಕಥೆಯ ಕುತೂಹಲ ಅಲ್ಲ ಅಂತ ನನಗೆ ಅನ್ನಿಸಿತು. ಮುಂದಿನ ಅಧ್ಯಾಯಗಳಲ್ಲಿ ಅವಳು ಎಲ್ಲಿ ರೂಮ್ ಮಾಡಿದಳು, ಯಾವ ದಾಖಲೆ ಜೊತೆಗೆ ತಂದಿದ್ದಳು, ಸಂಬಳದ ಖಾತೆ ಯಾರ ಹೆಸರಲ್ಲಿತ್ತು, ಎಲ್ಲ ಬರೆದೆ. ಅಂಥ ಕಥೆಯಲ್ಲೂ ಪ್ರೇಮ ಇದೆ. ಅವಳಿಗೆ ಆಮೇಲೆ ಒಬ್ಬ ಸಿಗುತ್ತಾನೆ, ಮುತ್ತೂ ಇದೆ. ಅದನ್ನು ಬರೆಯಲು ನನಗೆ ಯಾವ ನಾಚಿಕೆಯೂ ಇಲ್ಲ.

ಸರ್, ನಿಮ್ಮ ಮಗಳ ಫೋನ್ ಕಿತ್ತುಕೊಳ್ಳಬೇಡಿ. ಹದಿನಾಲ್ಕಕ್ಕೆ ಆ ಮಲಗುವ ಕೋಣೆಯ ಅಧ್ಯಾಯ ಬೇಡ, ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ಆದರೆ ಆ ರಾಕ್ಷಸ ನಿನಗೆ ಯಾಕೆ ಇಷ್ಟ ಅಂತ ಅವಳನ್ನೇ ಕೇಳಿ. ಬೈಯುವ ಹಾಗಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿ. ಇಡೀ ಮನೆಯಲ್ಲಿ ತನ್ನೊಬ್ಬಳನ್ನೇ ಅಷ್ಟು ಗಮನವಿಟ್ಟು ನೋಡುವವರು ಯಾರಾದರೂ ಇರಲಿ ಅನ್ನುವ ಆಸೆ ಎಷ್ಟೋ ಹುಡುಗಿಯರಿಗೆ ಇರುತ್ತದೆ. ನನ್ನ ಓದುಗಿಯರಲ್ಲಿ ನಾನು ಕಂಡದ್ದು ಅದು.

ಅರಿವುಕೇಂದ್ರದ_ಅಕ್ಕ

ಎಲ್ಲರಿಗೂ ಥ್ಯಾಂಕ್ಸ್. ಮೈಸೂರಿನ ಅಮ್ಮ, ನಿಮ್ಮ ಅತ್ತಿಗೆಯ ವಿಷಯ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಆ ತಂದೆ ಇವತ್ತು ಬಂದಿದ್ದರು. ಕುರ್ಚಿ ಕೊಟ್ಟು, ಅವರು ಮಡಿಚಿದ್ದ ಪುಟವನ್ನೂ ಬೀಗದ ಪುಟವನ್ನೂ ಎದುರಿಗಿಟ್ಟೆ. "ಇವೆರಡರಲ್ಲಿ ನಿಮ್ಮ ಮಗಳಿಗೆ ಯಾವುದು ಆಗಬಾರದು ಹೇಳಿ ಅಣ್ಣ" ಅಂದೆ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದರು. ಅಂಚಿನ ಬರಹವನ್ನೂ ಓದಿದರು. "ಇದು ಯಾರು ಬರೆದದ್ದು?" ಅಂತ ಕೇಳಿದರು. ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿಲ್ಲ. ಆಮೇಲೆ ನಾನು ಒಂದೇ ಮಾತು ಹೇಳಿದ್ದು: ನಾಳೆ ಅವಳ ಮದುವೆ ನೀವೇ ನೋಡಿ ಮಾಡಿದರೂ, ಅವಳೇ ನೋಡಿಕೊಂಡರೂ, ಅವನು ಕೈ ಎತ್ತಿದ ದಿನ ಅವಳು ನಿಮ್ಮ ಮನೆ ಬಾಗಿಲಿಗೆ ಬರಬಹುದು ಅಂತ ಅವಳಿಗೆ ಗೊತ್ತಿರಬೇಕು. ಪುಸ್ತಕ ತೆಗೆದರೆ ಅದು ಗೊತ್ತಾಗುವುದಿಲ್ಲ. ನೀವು ಹೇಳಿದರೆ ಗೊತ್ತಾಗುತ್ತದೆ.

ಅವರು ಪೂರ್ತಿ ಒಪ್ಪಲಿಲ್ಲ. "ಅದೆಲ್ಲ ಸರಿ, ಆದರೆ ಪಿಯುಸಿ ಪರೀಕ್ಷೆ ಮುಗಿಯೋವರೆಗೆ ನನ್ನ ಮಗಳಿಗೆ ಇವು ಕೊಡಬೇಡಿ" ಅಂದರು. ಅವರ ಮಗಳ ಮಟ್ಟಿಗೆ ಅದನ್ನು ಒಪ್ಪಿದೆ, ಅವಳಿಗೂ ನೇರವಾಗಿ ಹೇಳಿದೆ. ಅವಳಿಗೆ ಸಿಟ್ಟು ಬಂದಿದೆ, ಬರಬೇಕಾದ್ದೇ. ಬೇರೆ ಮಕ್ಕಳ ಓದು ನಿಲ್ಲಿಸುವುದಿಲ್ಲ, ಬೀರು ಇದ್ದಲ್ಲೇ ಇರುತ್ತದೆ ಅಂತ ಅವರಿಗೂ ಸ್ಪಷ್ಟವಾಗಿ ಹೇಳಿದೆ. ಪಂಚಾಯಿತಿಗೆ ದೂರು ಕೊಡುವುದಾದರೆ ಕೊಡಿ, ಅಲ್ಲೂ ಇದೇ ಎರಡು ಪುಟ ಇಡುತ್ತೇನೆ ಅಂದೆ. ದೂರು ಕೊಡುವ ಹಾಗೆ ಕಾಣಲಿಲ್ಲ.

ದಾವಣಗೆರೆಯ ಅಣ್ಣ, ನಿಮ್ಮ ಮಾತಿನಂತೆ ಮಲಗುವ ಕೋಣೆಯ ವಿವರ ಜಾಸ್ತಿ ಇರುವ ಕೆಲವನ್ನು ಬೇರೆ ಇಟ್ಟಿದ್ದೇನೆ, 18 ಆದವರಿಗೆ ಮಾತ್ರ. ಅದನ್ನು ಬೀಗ ಹಾಕಿ ಮುಚ್ಚಿಟ್ಟಿಲ್ಲ, ನನ್ನನ್ನು ಕೇಳಿ ತಗೊಳ್ಳಬೇಕು ಅಷ್ಟೇ. ಸಹಾಯವಾಣಿ ನಂಬರಿನ ಚೀಟಿ ಎಲ್ಲ ಪುಸ್ತಕದ ಹಿಂದೆ ಅಂಟಿಸುತ್ತಿದ್ದೇನೆ. ಬರೀ ಹೊಡೆತದ ಪುಸ್ತಕಕ್ಕೆ ಅಂಟಿಸಿದರೆ ತಗೊಂಡವಳನ್ನು ಬೇರೆಯವರು ಗುರುತಿಸುತ್ತಾರೆ. ಅಂಚಿನ ಬರಹ ಹಾಗೇ ಇದೆ.

ಶನಿವಾರ ಮಧ್ಯಾಹ್ನ ಹುಡುಗಿಯರನ್ನು ಕೂರಿಸಿ ಒಂದೊಂದು ಕಾದಂಬರಿ ಮೇಲೆ ಮಾತಾಡಿಸಬೇಕು ಅಂತಿದ್ದೇನೆ. ಹುಡುಗರನ್ನೂ ಕರೆಯಬೇಕು ಅನ್ನುವುದು ನನ್ನ ಆಸೆ. ಹೊಡೆಯುವ ನಾಯಕ ಯಾಕೆ ಬೇಡ ಅಂತ ಅವರೂ ಕೇಳಿಸಿಕೊಳ್ಳಬೇಕಲ್ಲ. ಆದರೆ ಹುಡುಗರು ಕೂತರೆ ಹುಡುಗಿಯರು ಬಾಯಿ ಬಿಡುವುದಿಲ್ಲವೇನೋ. ಇದನ್ನು ಮಾಡಿ ನೋಡಿದವರು ಯಾರಾದರೂ ಇದ್ದರೆ ಹೇಳಿ. ಮೊದಲನೆಯದು 'ಬೆಳ್ಳಿ ಮೋಡ'. ನಮ್ಮಲ್ಲಿರುವುದು ಒಂದೇ ಪ್ರತಿ, ಅದರಲ್ಲೂ ಕೊನೆಯ ಎರಡು ಹಾಳೆ ಇಲ್ಲ.

ಮೈಸೂರಿನ_ಓದುಗಿ

ಕೊನೆಯ ಹಾಳೆಯೇ ಇಲ್ಲದೆ ಆ ಪುಸ್ತಕ ಓದಿಸಬೇಡ ತಾಯೀ! ನನ್ನ ಹತ್ತಿರ ಎರಡು ಪ್ರತಿ ಇವೆ, ಸೋಮವಾರ ಪೋಸ್ಟ್ ಮಾಡುತ್ತೇನೆ. ಕೇಂದ್ರದ ವಿಳಾಸ ಮೆಸೇಜಿನಲ್ಲಿ ಕಳಿಸು. ಹುಡುಗರ ವಿಷಯಕ್ಕೆ ನನ್ನ ಸಲಹೆ ಇಷ್ಟೇ: ಮೊದಲು ಕೆಲವು ಶನಿವಾರ ಹುಡುಗಿಯರು ಮಾತ್ರ ಕೂರಲಿ. ಆಮೇಲೆ ಹುಡುಗರು ಬೇಕಾ ಅಂತ ಅವರನ್ನೇ ಕೇಳು.